ನೋಟದ ಮಿದುಳಿನಲ್ಲಿ ನರಕೋಶಗಳು ಸಾಲಾಗಿವೆಯೋ, ಕಲಸಿಹೋಗಿವೆಯೋ?

ಪ್ರಶ್ನೆ: ನಾನು ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ನೋಟಕ್ಕೆ ಸಂಬಂಧಪಟ್ಟ ಮಿದುಳಿನ ಭಾಗದಲ್ಲಿ ನರಕೋಶಗಳು ಕಂಬ ಕಂಬವಾಗಿ ಅಚ್ಚುಕಟ್ಟಾಗಿ ಇರುತ್ತವೆ ಎಂದು ಒಂದು ಕಡೆ ಓದಿದೆ. ಇಲಿಯಲ್ಲಿ ಅವು ಉಪ್ಪು ಮೆಣಸು ಬೆರೆಸಿದ ಹಾಗೆ ಚೆಲ್ಲಾಪಿಲ್ಲಿ ಎಂದು ಇನ್ನೊಂದು ಕಡೆ ಇತ್ತು. ಯಾವುದು ಸರಿ? ಕ್ಲಾಸಿನಲ್ಲಿ ಒಬ್ಬ ಹುಡುಗಿ, "ಸರ್, ಚೆಲ್ಲಾಪಿಲ್ಲಿ ಇದ್ರೂ ಇಲಿಗೆ ಕಣ್ಣು ಕಾಣುತ್ತಲ್ಲ, ಮತ್ತೆ ಕಂಬ ಯಾಕೆ ಬೇಕು?" ಅಂದಳು. ಇನ್ನೊಂದು ವಿಷಯ. ನಮ್ಮ ಅಕ್ಕನ ಮಗನಿಗೆ ಐದು ವರ್ಷ. ಒಂದು ಕಣ್ಣು ಸೋಮಾರಿ ಆಗಿದೆ ಎಂದು ಡಾಕ್ಟರು ಚೆನ್ನಾಗಿರುವ ಕಣ್ಣಿಗೇ ಪಟ್ಟಿ ಹಾಕಿಸಿದ್ದಾರೆ. ಅದಕ್ಕೂ ಈ ಕಂಬಗಳಿಗೂ ಏನಾದರೂ ನಂಟಿದೆಯೇ?

ಉತ್ತರ: ಮೇಷ್ಟ್ರೇ, ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಅವಳು ಕೇಳಿದ ಪ್ರಶ್ನೆಯನ್ನೇ ಇಟ್ಟುಕೊಂಡು ದೊಡ್ಡ ದೊಡ್ಡ ಪ್ರಯೋಗಾಲಯಗಳು ಇಪ್ಪತ್ತು ವರ್ಷದಿಂದ ವಾದ ಮಾಡುತ್ತಿವೆ. ನೀವು ಓದಿದ ಎರಡೂ ಮಾತು ಸರಿ. ಬೆಕ್ಕು, ಕೋತಿ, ಮನುಷ್ಯರಲ್ಲಿ ಕಂಬಗಳಿವೆ. ಇಲಿಯಲ್ಲಿ ಇಲ್ಲ. ಇಲಿಗೆ ಕಾಣುವುದೂ ನಿಜ. ಇನ್ನು ನಿಮ್ಮ ಅಕ್ಕನ ಮಗನ ಕಣ್ಣಿನ ಪಟ್ಟಿಗೂ ಈ ವಿಷಯಕ್ಕೂ ನೇರ ನಂಟಿದೆ. ಅಲ್ಲಿಗೂ ಬರುತ್ತೇನೆ. ಸ್ವಲ್ಪ ನಿಧಾನವಾಗಿ ಹೋಗೋಣ.

ನಾನು ಮೈಸೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದಾಗ ಈ ವಿಷಯವನ್ನು ಚಿತ್ರದಿಂದ ಶುರು ಮಾಡುತ್ತಿರಲಿಲ್ಲ. ಫಾರ್ಮಲಿನ್‌ನಲ್ಲಿ ಇಟ್ಟ ಮಿದುಳನ್ನು ತೆಗೆದು, ಹಿಂದಲೆಯ ಭಾಗವನ್ನು ಅಡ್ಡಕ್ಕೆ ಕೊಯ್ದು, "ನೋಡಿ, ಏನು ಕಾಣುತ್ತದೆ?" ಎಂದು ಕೇಳುತ್ತಿದ್ದೆ. ಮಿದುಳಿನ ಹೊರಗಿನ ಬೂದು ಪದರದ ಹೆಸರು ಕಾರ್ಟೆಕ್ಸ್. ಎರಡು ಮಿಲಿಮೀಟರ್ ಆಸುಪಾಸು ದಪ್ಪ. ಹಿಂದಲೆಯಲ್ಲಿ ಮಾತ್ರ ಆ ಬೂದು ಪದರದ ನಡುವೆ ನೂಲಿನಷ್ಟು ತೆಳ್ಳಗಿನ ಬಿಳಿ ಗೆರೆ ಇರುತ್ತದೆ. ಮೈಕ್ರೋಸ್ಕೋಪ್ ಬೇಡ, ಬರಿಗಣ್ಣಿಗೇ ಕಾಣುತ್ತದೆ. 1776ರಲ್ಲಿ ಇಟಲಿಯ ಪಾರ್ಮಾದಲ್ಲಿ ಫ್ರಾನ್ಸೆಸ್ಕೋ ಜೆನ್ನಾರಿ ಎಂಬ ಹುಡುಗ ಇದನ್ನು ಗುರುತಿಸಿದ. ಆಗ ಅವನಿನ್ನೂ ವೈದ್ಯಕೀಯ ವಿದ್ಯಾರ್ಥಿ. ಮಿದುಳನ್ನು ಹೆಪ್ಪುಗಟ್ಟಿಸಿ ಕೊಯ್ದಿದ್ದರಿಂದ ಗೆರೆ ಸ್ಪಷ್ಟವಾಗಿ ಕಂಡಿತು. ಅದು ಯಾಕಿದೆ ಎಂದು ಅವನಿಗೆ ತಿಳಿಯಲಿಲ್ಲ. ಇಂದಿಗೂ ಅದು ಜೆನ್ನಾರಿ ಗೆರೆ. ಕಣ್ಣು ಕಂಡದ್ದು ಕಾರ್ಟೆಕ್ಸ್‌ಗೆ ಮೊದಲು ಬಂದು ಇಳಿಯುವ ಜಾಗ ಅದೇ. ನಾವು ಅದನ್ನು ಪ್ರಾಥಮಿಕ ದೃಷ್ಟಿ ಕಾರ್ಟೆಕ್ಸ್ ಎನ್ನುತ್ತೇವೆ. ಚಿಕ್ಕದಾಗಿ ವಿ1.

ಈ ವಿ1ರಲ್ಲಿ ವ್ಯವಸ್ಥೆ ಒಂದೇ ಥರದ್ದಲ್ಲ. ಮೂರು ನಾಲ್ಕು ವ್ಯವಸ್ಥೆಗಳು ಒಂದರ ಮೇಲೊಂದು ಕೂತಿವೆ. "ಸಾಲಾಗಿದೆಯೋ, ಕಲಸಿದೆಯೋ" ಎಂದು ಕೇಳುವಾಗ ಯಾವ ವ್ಯವಸ್ಥೆಯ ಮಾತು ಎಂದು ಬಿಡಿಸಿ ಹೇಳದೇ ಇದ್ದರೆ ಗೊಂದಲ ಆಗುತ್ತದೆ. ನಿಮಗೆ ಆಗಿರುವ ಗೊಂದಲವೂ ಅಲ್ಲಿಂದಲೇ ಬಂದದ್ದು.

ಒಂದು, ಪದರಗಳು. ಚಿರೋಟಿಯ ಎಳೆಗಳ ಹಾಗೆ ಆರು ಪದರ. ಕಣ್ಣಿನಿಂದ ಹೊರಟ ಸುದ್ದಿ ಮಿದುಳಿನ ನಡುವಿನ ಥಾಲಮಸ್‌ನಲ್ಲಿ ಒಮ್ಮೆ ಇಳಿದು, ಅಲ್ಲಿಂದ ಮುಖ್ಯವಾಗಿ ನಾಲ್ಕನೇ ಪದರಕ್ಕೆ ಬರುತ್ತದೆ. ಅಲ್ಲಿಂದ ಮೇಲಿನ ಎರಡನೇ, ಮೂರನೇ ಪದರಕ್ಕೆ ಹೋಗುತ್ತದೆ. ಮೇಲಿನವು ಮಿದುಳಿನ ಬೇರೆ ಭಾಗಗಳಿಗೆ ಸುದ್ದಿ ಕಳಿಸುತ್ತವೆ. ಕೆಳಗಿನ ಐದು ಮತ್ತು ಆರು ಒಳಮಿದುಳಿಗೆ, ಥಾಲಮಸ್‌ಗೆ ವಾಪಸ್ ಕಳಿಸುತ್ತವೆ. ಈ ಪದರದ ವ್ಯವಸ್ಥೆ ಇಲಿಗೂ ಇದೆ, ನಮಗೂ ಇದೆ. ಇದರಲ್ಲಿ ತಕರಾರಿಲ್ಲ.

ಎರಡು, ನಕ್ಷೆ. ಕಣ್ಣೆದುರಿನ ಜಗತ್ತು ವಿ1ರ ಮೇಲೆ ಹಾಸಿಕೊಂಡಿರುತ್ತದೆ. ನೋಟದಲ್ಲಿ ಅಕ್ಕಪಕ್ಕ ಇರುವ ಜಾಗಗಳು ಕಾರ್ಟೆಕ್ಸಿನಲ್ಲೂ ಅಕ್ಕಪಕ್ಕವೇ. ಎಡಬದಿಯ ನೋಟ ಬಲ ಮಿದುಳಿಗೆ, ಬಲಬದಿಯದು ಎಡ ಮಿದುಳಿಗೆ. ಇದು ಗೊತ್ತಾದ ಬಗೆ ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ. 1904–05ರ ರಷ್ಯಾ ಜಪಾನ್ ಯುದ್ಧದಲ್ಲಿ ರಷ್ಯಾದವರ ಹೊಸ ಬಂದೂಕಿನ ಗುಂಡು ಸಣ್ಣದು, ವೇಗ ಜಾಸ್ತಿ. ತಲೆಬುರುಡೆಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ನೇರ ಹೊರಗೆ ಬಂದುಬಿಡುತ್ತಿತ್ತು. ಎಷ್ಟೋ ಸೈನಿಕರು ಬದುಕಿದರು, ಆದರೆ ನೋಟದ ಒಂದು ಭಾಗ ಕಳೆದುಕೊಂಡರು. ಅವರ ಪಿಂಚಣಿಗಾಗಿ ಎಷ್ಟು ದೃಷ್ಟಿ ಹೋಗಿದೆ ಎಂದು ಅಳೆಯುವ ಕೆಲಸ ತತ್ಸುಜಿ ಇನೋಯೆ ಎಂಬ ಯುವ ಕಣ್ಣಿನ ವೈದ್ಯನಿಗೆ ಬಂತು. ಅವನು ಗುಂಡು ಹೊಕ್ಕ ತೂತು, ಹೊರಬಂದ ತೂತು ಎರಡನ್ನೂ ಅಳೆದು, ಒಳಗೆ ಅದು ಹೋದ ದಾರಿ ಲೆಕ್ಕ ಹಾಕಿದ. ಯಾವ ಜಾಗ ಹಾಳಾದರೆ ನೋಟದ ಯಾವ ಭಾಗ ಕುರುಡಾಗುತ್ತದೆ ಎಂದು ಒಬ್ಬೊಬ್ಬ ಸೈನಿಕನಿಂದಲೂ ತಿಳಿದುಕೊಂಡು 1909ರಲ್ಲಿ ನಕ್ಷೆ ಪ್ರಕಟಿಸಿದ.

ಈ ನಕ್ಷೆಯಲ್ಲಿ ಅಳತೆ ಒಂದೇ ಸಮ ಇಲ್ಲ. ಕೈ ಮುಂದೆ ಚಾಚಿ ಎರಡು ಮುಷ್ಟಿಯನ್ನು ಪಕ್ಕಪಕ್ಕ ಹಿಡಿಯಿರಿ. ಅಷ್ಟು ಅಗಲದ ಒಂದು ವೃತ್ತ ನೋಟದ ನಟ್ಟನಡುವೆ ಇದೆ ಎಂದುಕೊಳ್ಳಿ. ವಿ1ರ ಅರ್ಧಕ್ಕಿಂತ ಹೆಚ್ಚು ಜಾಗ ಆ ವೃತ್ತಕ್ಕೇ ಹೋಗುತ್ತದೆ. ಉಳಿದ ಇಡೀ ಜಗತ್ತಿಗೆ ಉಳಿದರ್ಧ. ನಮ್ಮ ಊರಿನ ಸರ್ವೆ ನಕ್ಷೆಯಲ್ಲಿ ಮನೆ ಮುಂದಿನ ಒಂದು ಗುಂಟೆಯನ್ನು ಇಪ್ಪತ್ತು ಎಕರೆ ಗದ್ದೆಗಿಂತ ದೊಡ್ಡದಾಗಿ ಬರೆದ ಹಾಗೆ. ನಾವು ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಎಲ್ಲ ಆ ನಡುವಿನ ನೋಟದಲ್ಲೇ ಅಲ್ವಾ? ನಕ್ಷೆ ಇಲಿಗೂ ಇದೆ. ನಮ್ಮಷ್ಟು ನಯವಾಗಿಲ್ಲ, ಆದರೆ ಇದೆ. ಹೀಗಾಗಿ ಇಲಿಯ ದೃಷ್ಟಿ ಕಾರ್ಟೆಕ್ಸ್ ಪೂರ್ತಿ ಚೆಲ್ಲಾಪಿಲ್ಲಿ ಎಂದು ಮಕ್ಕಳಿಗೆ ಹೇಳಿದರೆ ತಪ್ಪಾಗುತ್ತದೆ.

ವ್ಯತ್ಯಾಸ ಬರುವುದು ಮೂರನೆಯದರಲ್ಲಿ. ಅದೇ ಕಂಬಗಳ ವಿಷಯ.

1958ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ಇಬ್ಬರು ಅರಿವಳಿಕೆ ಕೊಟ್ಟ ಬೆಕ್ಕಿನ ವಿ1ರೊಳಗೆ ಟಂಗ್‌ಸ್ಟನ್‌ನ ಸೂಕ್ಷ್ಮ ತಂತಿ ಇಳಿಸಿ ಒಂದೊಂದೇ ನರಕೋಶದ ಸದ್ದು ಕೇಳುತ್ತಿದ್ದರು. ತಂತಿಗೆ ಸ್ಪೀಕರ್ ಜೋಡಿಸಿರುತ್ತಾರೆ. ಕೋಶ ಉದ್ರೇಕಗೊಂಡರೆ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಕೇಳುತ್ತದೆ. ಆಗಿನ ತಿಳಿವಳಿಕೆ ಪ್ರಕಾರ ಕಣ್ಣಿನ ಕೋಶಗಳು ಬೆಳಕಿನ ಚುಕ್ಕೆಗೆ ಮಿಡಿಯುತ್ತವೆ, ಆದ್ದರಿಂದ ಇವರೂ ಗಾಜಿನ ಸ್ಲೈಡಿನ ಮೇಲೆ ಕಪ್ಪು ಚುಕ್ಕೆ ಅಂಟಿಸಿ ತೋರಿಸುತ್ತಿದ್ದರು. ಗಂಟೆಗಟ್ಟಲೆ ತೋರಿಸಿದರೂ ಕೋಶ ಸುಮ್ಮನಿತ್ತು. ಸ್ಲೈಡ್ ಬದಲಿಸುವಾಗ ಮಾತ್ರ ಒಮ್ಮೆಲೇ ಚಟಪಟ ಶುರುವಾಯಿತು. ಚುಕ್ಕೆಗೂ ಅದಕ್ಕೂ ಸಂಬಂಧ ಇರಲಿಲ್ಲ. ಗಾಜಿನ ಅಂಚಿನ ನೆರಳು ತೆಳ್ಳಗಿನ ಗೆರೆಯಾಗಿ ಪರದೆಯ ಮೇಲೆ ಸರಿದಿತ್ತು. ಆ ಕೋಶಕ್ಕೆ ಬೇಕಾಗಿದ್ದದ್ದು ಒಂದು ಗೆರೆ, ಅದೂ ಒಂದೇ ಓರೆಯ ಗೆರೆ. ಸ್ವಲ್ಪ ತಿರುಗಿಸಿದರೆ ಕೋಶ ಮತ್ತೆ ಸುಮ್ಮನೆ.

ಈ ಘಟನೆಯನ್ನು ಅದೃಷ್ಟ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗಂಟೆಗಟ್ಟಲೆ ಒಂದೇ ಕೋಶದ ಮುಂದೆ ಕಿವಿಗೊಟ್ಟು ಕೂತವರಿಗೆ ಮಾತ್ರ ಆ ಸದ್ದು ಎಲ್ಲಿಂದ ಬಂತು ಎಂದು ಹುಡುಕುವ ಮನಸ್ಸು ಇರುತ್ತದೆ.

ಮುಂದಿನ ಹೆಜ್ಜೆಯೇ ನಿಮ್ಮ ಪ್ರಶ್ನೆಗೆ ಬೇಕಾದದ್ದು. ತಂತಿಯನ್ನು ಕಾರ್ಟೆಕ್ಸಿಗೆ ನೇರ, ಬಾವಿಗೆ ಹಗ್ಗ ಬಿಟ್ಟ ಹಾಗೆ ಇಳಿಸಿದರು. ಮೇಲಿನಿಂದ ಕೆಳಗಿನ ತನಕ ಸಿಕ್ಕ ಕೋಶಗಳೆಲ್ಲ ಹೆಚ್ಚುಕಡಿಮೆ ಒಂದೇ ಓರೆಯ ಗೆರೆಗೆ ಮಿಡಿದವು. ತಂತಿಯನ್ನು ಓರೆಯಾಗಿ ನುಗ್ಗಿಸಿದಾಗ ಬೇರೆಯೇ ಕಂಡಿತು. ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು ಸರಿದರೆ ಗೆರೆಯ ಓರೆ ಸುಮಾರು ಹತ್ತು ಡಿಗ್ರಿ ತಿರುಗುತ್ತದೆ. ಹೀಗೆ ಮೆಲ್ಲಗೆ ತಿರುಗುತ್ತಾ, ಒಂದು ಮಿಲಿಮೀಟರ್ ದಾಟುವುದರೊಳಗೆ ಎಲ್ಲ ಓರೆಗಳೂ ಒಂದು ಸುತ್ತು ಮುಗಿಯುತ್ತವೆ. ಇದೇ ಕಂಬ. ನೆಟ್ಟ ಕಂಬದ ಹಾಗೆ ಗಟ್ಟಿ ಗೋಡೆ ಇರುವ ವಸ್ತು ಅಲ್ಲ. ಮೇಲಿಂದ ಕೆಳಗೆ ಒಂದೇ ಬಗೆಯ ರುಚಿ ಇರುವ ಕೋಶಗಳ ಗುಂಪು, ಅಷ್ಟೇ. ಕಂಬ ಎನ್ನುವ ಕಲ್ಪನೆಯನ್ನು ಮೊದಲು ಕೊಟ್ಟವರು ವರ್ನನ್ ಮೌಂಟ್‌ಕ್ಯಾಸಲ್. 1957ರಲ್ಲಿ ಬೆಕ್ಕಿನ ಸ್ಪರ್ಶದ ಕಾರ್ಟೆಕ್ಸಿನಲ್ಲಿ ಅವರು ಅದನ್ನು ಕಂಡಿದ್ದರು.

ಜೊತೆಗೆ ಇನ್ನೊಂದು ಥರದ ಕಂಬಗಳೂ ಸಿಕ್ಕವು. ಕೋತಿಯ ನಾಲ್ಕನೇ ಪದರದಲ್ಲಿ ಎಡಗಣ್ಣಿನ ಸುದ್ದಿ ಒಂದು ಪಟ್ಟಿಗೆ, ಬಲಗಣ್ಣಿನದು ಪಕ್ಕದ ಪಟ್ಟಿಗೆ, ಮತ್ತೆ ಎಡಗಣ್ಣಿನದು. ಒಂದೊಂದು ಪಟ್ಟಿ ಅರ್ಧ ಮಿಲಿಮೀಟರಿಗೆ ಹತ್ತಿರ. ಒಂದು ಕಣ್ಣಿಗೆ ವಿಕಿರಣ ಸೂಸುವ ವಸ್ತು ಚುಚ್ಚಿದರೆ ಅದು ನರಗಳ ದಾರಿ ಹಿಡಿದು ವಿ1ರ ತನಕ ಹೋಗುತ್ತದೆ. ಆಮೇಲೆ ಕಾರ್ಟೆಕ್ಸಿನ ಫೋಟೋ ತೆಗೆದರೆ ಜೀಬ್ರಾದ ಮೈಯಂತೆ ಪಟ್ಟೆ ಪಟ್ಟೆ! ಈ ಕೆಲಸಗಳಿಗೆ ಹ್ಯೂಬೆಲ್ ಮತ್ತು ವೀಸೆಲ್‌ಗೆ 1981ರಲ್ಲಿ ನೊಬೆಲ್ ಬಂತು. ಆ ವರ್ಷದ ಇನ್ನರ್ಧ ಪ್ರಶಸ್ತಿ ರೋಜರ್ ಸ್ಪೆರಿಗೆ.

ಆಮೇಲೆ ತಂತಿ ಚುಚ್ಚದೆಯೇ ಮೇಲಿನಿಂದ ಕ್ಯಾಮೆರಾದಲ್ಲಿ ನೋಡುವ ವಿಧಾನ ಬಂತು. ಕೆಲಸ ಮಾಡುತ್ತಿರುವ ಜಾಗದಲ್ಲಿ ರಕ್ತದ ಆಮ್ಲಜನಕ ಬದಲಾಗಿ, ಅಲ್ಲಿಂದ ವಾಪಸ್ ಬರುವ ಬೆಳಕೂ ಚೂರು ಬದಲಾಗುತ್ತದೆ. ಅದನ್ನು ಹಿಡಿದು 1991ರಲ್ಲಿ ಟೋಬಿಯಾಸ್ ಬಾನ್‌ಹೋಫರ್ ಮತ್ತು ಅಮಿರಾಮ್ ಗ್ರಿನ್‌ವಾಲ್ಡ್ ಬೆಕ್ಕಿನಲ್ಲಿ ಒಂದು ಚಿತ್ರ ತೆಗೆದರು. ಒಂದೊಂದು ಓರೆಗೆ ಒಂದೊಂದು ಬಣ್ಣ ಕೊಟ್ಟರೆ, ಬಣ್ಣಗಳು ಒಂದು ಚುಕ್ಕೆಯ ಸುತ್ತ ಗಿರಗಿಟ್ಲೆಯ ರೆಕ್ಕೆಗಳ ಹಾಗೆ ಕೂತಿವೆ. ದಸರಾ ವಸ್ತುಪ್ರದರ್ಶನದ ಬಾಗಿಲಲ್ಲಿ ಕಡ್ಡಿಗೆ ಸಿಕ್ಕಿಸಿ ಮಾರುತ್ತಾರಲ್ಲ, ಅದೇ ಗಿರಗಿಟ್ಲೆ. ಇಡೀ ವಿ1ರ ತುಂಬ ಅಂಥವು ಸಾಲು ಸಾಲು. ನಿಮ್ಮ ಕ್ಲಾಸಿಗೆ ತೋರಿಸಲು ಒಂದೇ ಚಿತ್ರ ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಇಷ್ಟೆಲ್ಲ ನೋಡಿದ ಮೇಲೆ ಯಾರಿಗಾದರೂ ಅನ್ನಿಸುವುದು ಏನು? ಈ ಕಂಬವೇ ಮಿದುಳಿನ ಇಟ್ಟಿಗೆ, ಇದಿಲ್ಲದೆ ನೋಟವೇ ಇಲ್ಲ ಎಂದು. ನಾನು ಓದಿದ ಕಾಲದಲ್ಲಿ ನಮಗೆ ಕಲಿಸಿದ್ದೂ ಹಾಗೆಯೇ. ನಾನೂ ಎಷ್ಟೋ ವರ್ಷ ಹಾಗೆಯೇ ಕಲಿಸಿದೆ.

ಇಲಿ ಅದನ್ನು ಕೆಡವಿತು. 2005ರಲ್ಲಿ ಹಾರ್ವರ್ಡ್‌ನಲ್ಲಿ ಕೆನಿಚಿ ಓಕಿ, ಕ್ಲೇ ರೀಡ್ ಮತ್ತು ಜೊತೆಗಾರರು ಹೊಸ ಬಗೆಯ ಮೈಕ್ರೋಸ್ಕೋಪ್‌ನಲ್ಲಿ ನೂರಾರು ಕೋಶಗಳನ್ನು ಒಟ್ಟಿಗೆ ನೋಡಿದರು. ಕೋಶ ಮಿಡಿದಾಗ ಒಳಗೆ ಕ್ಯಾಲ್ಸಿಯಂ ಏರುತ್ತದೆ, ಕ್ಯಾಲ್ಸಿಯಂ ಏರಿದರೆ ಹೊಳೆಯುವ ಬಣ್ಣ ಹಾಕಿರುತ್ತಾರೆ. ಹೀಗಾಗಿ ಯಾವ ಕೋಶ ಯಾವ ಗೆರೆಗೆ ಮಿಡಿಯಿತು ಎಂದು ಒಂದೊಂದಾಗಿ ಕಾಣುತ್ತದೆ. ಬೆಕ್ಕಿನಲ್ಲಿ ವ್ಯವಸ್ಥೆ ಎಣಿಸಿದ್ದಕ್ಕಿಂತ ಅಚ್ಚುಕಟ್ಟಾಗಿತ್ತು. ಎರಡು ಗುಂಪಿನ ನಡುವಿನ ಗಡಿ ಒಂದು ಕೋಶದಷ್ಟು ಸಪೂರ. ಹೆಗ್ಗಣದ ಜಾತಿಯ ಪ್ರಯೋಗಾಲಯದ ಇಲಿಯಲ್ಲಿ ಗುಂಪೇ ಇಲ್ಲ. ನೆಟ್ಟಗಿನ ಗೆರೆಗೆ ಮಿಡಿಯುವ ಕೋಶದ ಪಕ್ಕದಲ್ಲೇ ಮಲಗಿದ ಗೆರೆಗೆ ಮಿಡಿಯುವುದು, ಅದರ ಪಕ್ಕ ಓರೆಯದು. ವಿಜ್ಞಾನಿಗಳು ಉಪ್ಪು ಮೆಣಸು ಎಂದರು. ಮೈಸೂರಿನವರಾದರೆ ಚುರುಮುರಿ ಎನ್ನುತ್ತಿದ್ದರು. ಚಿಕ್ಕ ಇಲಿಯಲ್ಲೂ ಹೀಗೆಯೇ.

ಇಲ್ಲಿ ಮುಖ್ಯವಾದ ಮಾತೊಂದಿದೆ. ಇಲಿಯ ಒಂದೊಂದು ಕೋಶವನ್ನು ಬಿಡಿಯಾಗಿ ನೋಡಿದರೆ ಅದರಲ್ಲಿ ಗಲಿಬಿಲಿ ಏನೂ ಇಲ್ಲ. ತನಗೆ ಬೇಕಾದ ಓರೆಯನ್ನು ಅದೂ ಚೆನ್ನಾಗಿಯೇ ಆರಿಸುತ್ತದೆ. ಕಲಸಿರುವುದು ವಿಳಾಸ ಮಾತ್ರ, ಕಸುಬಲ್ಲ.

ದೇವರಾಜ ಮಾರುಕಟ್ಟೆ ನೆನೆಸಿಕೊಳ್ಳಿ. ಹೂವಿನವರದೇ ಒಂದು ಸಾಲು, ಬಾಳೆಹಣ್ಣಿನವರದೇ ಒಂದು, ಕುಂಕುಮ ಬಣ್ಣಗಳ ರಾಶಿ ಇನ್ನೊಂದು ಕಡೆ. ಮಲ್ಲಿಗೆ ಬೇಕಾದರೆ ಕಾಲು ತಾನೇ ಆ ಕಡೆ ನಡೆಯುತ್ತದೆ. ಈಗ ಯಾವುದಾದರೂ ಹೊಸ ಬಡಾವಣೆಯ ಮುಖ್ಯರಸ್ತೆ ನೋಡಿ. ಕಾಫಿಪುಡಿ ಅಂಗಡಿ, ಪಕ್ಕದಲ್ಲಿ ಟೈಲರ್, ಆಮೇಲೆ ಸೈಕಲ್ ಶಾಪ್, ಅದರ ಮುಂದೆ ಬುಟ್ಟಿ ಇಟ್ಟುಕೊಂಡ ಹೂವಿನಮ್ಮ. ಕಲಸಿದೆ. ಆದರೆ ಆ ಬೀದಿಯವರಿಗೆ ಯಾವುದೂ ಸಿಗದೆ ಹೋಗಿಲ್ಲ. ಹೂವು ಕೊಡುವ ಕೆಲಸದಲ್ಲಿ ಹೂವಿನಮ್ಮ ಕಡಿಮೆಯವಳೂ ಅಲ್ಲ.

ಹಾಗಾದರೆ ಬೆಕ್ಕಿಗೆ, ಕೋತಿಗೆ, ನಮಗೆ ಈ ಸಾಲುಗಳು ಯಾಕೆ?

ಕಣ್ಣು ಚುರುಕಾಗಿರುವ ಪ್ರಾಣಿಗೆ ಕಂಬ ಬೇಕಾಗುತ್ತದೆ ಎಂದು ಮೊದಲು ಅಂದುಕೊಂಡರು. ಇಲಿಯ ನೋಟ ನಮ್ಮದಕ್ಕಿಂತ ಐವತ್ತು ಪಟ್ಟಿಗೂ ಹೆಚ್ಚು ಮಸುಕು, ಆದ್ದರಿಂದ ಈ ಮಾತು ಒಪ್ಪುವಂತೆಯೇ ಇತ್ತು. ಆದರೆ ಅದೇ 2005ರಲ್ಲಿ ಅಮೆರಿಕದ ಬೂದು ಅಳಿಲನ್ನು ನೋಡಿದರು. ಅಳಿಲು ಹಗಲು ಓಡಾಡುವ, ರೆಂಬೆಯಿಂದ ರೆಂಬೆಗೆ ಗುರಿ ನೋಡಿ ನೆಗೆಯುವ ಪ್ರಾಣಿ. ಕಣ್ಣು ಚುರುಕು. ಆದರೂ ಅದರ ವಿ1 ಚುರುಮುರಿಯೇ. ಮಿದುಳು ದೊಡ್ಡದಾದರೆ ಕಂಬ ಬರುತ್ತದೆ ಎಂದರು. ಅದಕ್ಕೆ ಅಡ್ಡ ನಿಂತದ್ದು ಮಡಗಾಸ್ಕರ್‌ನ ಮೌಸ್ ಲೀಮರ್. ಅಂಗೈಯಲ್ಲಿ ಕೂರುವಷ್ಟು ಪುಟ್ಟದು, ಆದರೆ ಕೋತಿ ಮನುಷ್ಯರ ಬಳಗಕ್ಕೆ ಸೇರಿದ್ದು. ಅದರ ಚಿಕ್ಕ ಮಿದುಳಿನಲ್ಲೂ ಗಿರಗಿಟ್ಲೆಗಳಿವೆ. ಅದೂ ದೊಡ್ಡ ಕೋತಿಯಲ್ಲಿ ಇರುವಷ್ಟೇ ಅಗಲದವು. ಅಂದರೆ ಗಾತ್ರಕ್ಕಿಂತ, ಚುರುಕಿಗಿಂತ, ಪ್ರಾಣಿ ಯಾವ ಕುಲದ್ದು ಎನ್ನುವುದೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತಿದೆ.

ಇನ್ನೊಂದು ವಾದ ತಂತಿಯ ಉಳಿತಾಯದ್ದು. ನನಗೆ ಹೆಚ್ಚು ಮನಸ್ಸೊಪ್ಪುವುದು ಇದು. ಒಂದು ಘನ ಮಿಲಿಮೀಟರ್ ಇಲಿಯ ಕಾರ್ಟೆಕ್ಸಿನಲ್ಲಿ, ಅಂದರೆ ಒಂದು ಸಾಸಿವೆ ಕಾಳಿನಷ್ಟು ಜಾಗದಲ್ಲಿ, ನರತಂತು ನಾಲ್ಕು ಕಿಲೋಮೀಟರಿನಷ್ಟು ಇದೆ. ನಮ್ಮ ಅರಮನೆಯಿಂದ ಚಾಮುಂಡಿ ಬೆಟ್ಟದ ಪಾದಕ್ಕೆ ಹೆಚ್ಚುಕಡಿಮೆ ಅಷ್ಟು ದೂರ. ಜಾಗ ಎಷ್ಟು ಬಿಗಿ ನೋಡಿ. ಒಂದೇ ಓರೆಗೆ ಮಿಡಿಯುವ ಕೋಶಗಳು ತಮ್ಮೊಳಗೆ ಜಾಸ್ತಿ ಮಾತಾಡಬೇಕಾದರೆ ಅವನ್ನು ಹತ್ತಿರ ಕೂರಿಸಿದಷ್ಟೂ ತಂತಿ ಕಡಿಮೆ, ತಡವೂ ಕಡಿಮೆ. ಮಿದುಳು ತಂತಿಯನ್ನು ಉಳಿಸುತ್ತದೆ ಎನ್ನುವುದನ್ನು ಸ್ಪೇನ್‌ನ ರಾಮೋನ್ ಇ ಕಹಾಲ್ ನೂರು ವರ್ಷಕ್ಕೂ ಹಿಂದೆಯೇ ಹೇಳಿದ್ದರು. ಕೋತಿಯ ವಿ1ರಲ್ಲಿ ಕೋಶಗಳು ಬಹಳ. ಮನುಷ್ಯನಲ್ಲಂತೂ ಒಂದು ಬದಿಗೇ ಸುಮಾರು 14 ಕೋಟಿ. ಇಲಿಯಲ್ಲಿ ಎಲ್ಲರೂ ಎಲ್ಲರಿಗೂ ಹತ್ತಿರವೇ. ಸಣ್ಣ ಹಳ್ಳಿಯಲ್ಲಿ ಅಂಗಡಿ ಎಲ್ಲಿದ್ದರೂ ನಾಲ್ಕು ಹೆಜ್ಜೆ ಅಲ್ವಾ? ಆದರೆ ಈ ವಾದಕ್ಕೂ ಮೌಸ್ ಲೀಮರ್ ಪೂರ್ತಿ ಒಗ್ಗುವುದಿಲ್ಲ. ಮಾತು ಇನ್ನೂ ಮುಗಿದಿಲ್ಲ ಎಂದೇ ಮಕ್ಕಳಿಗೆ ಹೇಳಿ.

ಕಾರ್ಟೆಕ್ಸಿನ ಎಡಗಣ್ಣು ಬಲಗಣ್ಣಿನ ಪಟ್ಟೆಗಳ ಕಥೆಯಂತೂ ಇನ್ನೂ ಗಟ್ಟಿಯಾಗಿ ನಮ್ಮನ್ನು ಅಲ್ಲಾಡಿಸುತ್ತದೆ. ದಕ್ಷಿಣ ಅಮೆರಿಕದ ಸ್ಕ್ವಿರಲ್ ಮಂಕಿ ಎಂಬ ಪುಟ್ಟ ಕೋತಿಯಲ್ಲಿ ಕೆಲವಕ್ಕೆ ಎಡ ಬಲ ಕಣ್ಣಿನ ಪಟ್ಟೆಗಳು ಸ್ಪಷ್ಟವಾಗಿವೆ, ಕೆಲವಕ್ಕೆ ಇಲ್ಲವೇ ಇಲ್ಲ ಎನ್ನುವಷ್ಟು ಮಸುಕು. ಒಂದೇ ಜಾತಿ! ಡೇನಿಯಲ್ ಆಡಮ್ಸ್ ಮತ್ತು ಜೊನಾಥನ್ ಹಾರ್ಟನ್ ಇದನ್ನು 2003ರಲ್ಲಿ ತೋರಿಸಿದರು. ಕಂಬಕ್ಕೆ ತನ್ನದೇ ಆದ ಕೆಲಸ ಇಲ್ಲದೆಯೂ ಇರಬಹುದು ಎಂದು ಎರಡು ವರ್ಷದ ಮೇಲೆ ವಾದಿಸಿದರು. ಹಾಗಾದರೆ ಪಟ್ಟೆ ಬರುವುದು ಹೇಗೆ? ಬೆಳವಣಿಗೆಯ ಕಾಲದಲ್ಲಿ ಒಟ್ಟಿಗೆ ಮಿಡಿದ ಕೋಶಗಳು ಒಟ್ಟಿಗೆ ಅಂಟಿಕೊಳ್ಳುತ್ತವೆ. ಎಡಗಣ್ಣಿನವು ಎಡಗಣ್ಣಿನವರ ಜೊತೆ, ಬಲಗಣ್ಣಿನವು ಬಲದವರ ಜೊತೆ. ಕಣ್ಣು ಬಿಡುವ ಮೊದಲೇ ರೆಟಿನಾದಲ್ಲಿ ತಾನಾಗಿ ಮಿಡಿತದ ಅಲೆಗಳು ಏಳುತ್ತವೆ. ಕೋತಿಮರಿ ಹುಟ್ಟುವ ಹೊತ್ತಿಗೆ ಪಟ್ಟೆಗಳು ಆಗಲೇ ಇರುತ್ತವೆ.

ಒಳಗೆ ಬರುವ ಸುದ್ದಿ ಕಾರ್ಟೆಕ್ಸನ್ನು ಎಷ್ಟು ತಿದ್ದಬಲ್ಲದು ಎನ್ನುವುದಕ್ಕೆ ಮೃಗಾಂಕ ಸುರ್ ಅವರ ತಂಡದ ಕೆಲಸ ನೋಡಿ. ಅವರು ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದವರು. ಮುಂಗುಸಿಯಂತೆ ಕಾಣುವ ಫೆರೆಟ್ ಎಂಬ ಪ್ರಾಣಿಯ ಹುಟ್ಟಿದ ಮರಿಯಲ್ಲಿ ಕಣ್ಣಿನ ನರಗಳನ್ನು ಕಿವಿಯ ದಾರಿಗೆ ತಿರುಗಿಸಿದರು. ಬೆಳೆದ ಮೇಲೆ ನೋಡಿದರೆ, ಸದ್ದು ಕೇಳಬೇಕಾದ ಕಾರ್ಟೆಕ್ಸಿನಲ್ಲಿ ಗೆರೆಗಳಿಗೆ ಮಿಡಿಯುವ ಕೋಶಗಳು, ಅವುಗಳ ಗಿರಗಿಟ್ಲೆಗಳು! ಅಷ್ಟು ಅಚ್ಚುಕಟ್ಟಾಗಿರಲಿಲ್ಲ, ಆದರೆ ಇದ್ದವು. ಇದು 2000ದಲ್ಲಿ ಪ್ರಕಟವಾದದ್ದು. ನಾಲ್ಕನೇ ಸಲ ಓದಿದಾಗಲೂ ನನಗೆ ಮೈ ಜುಂ ಎಂದಿತ್ತು.

ಈಗ ಆ ಹುಡುಗಿಯ ಪ್ರಶ್ನೆಯ ಇನ್ನರ್ಧಕ್ಕೆ ಬರೋಣ. ಕಲಸಿದ್ದರೂ ಇಲಿಗೆ ಕಾಣುವುದು ಹೇಗೆ? ಉತ್ತರ ಇರುವುದು ಯಾರು ಎಲ್ಲಿ ಕೂತಿದ್ದಾರೆ ಎನ್ನುವುದರಲ್ಲಿ ಅಲ್ಲ, ಯಾರಿಗೆ ಯಾರ ಜೊತೆ ಸಂಪರ್ಕ ಇದೆ ಎನ್ನುವುದರಲ್ಲಿ. 2011ರಲ್ಲಿ ಲಂಡನ್ನಿನ ಒಂದು ತಂಡ ಚಿಕ್ಕ ಇಲಿಯಲ್ಲಿ ಯಾವ ಕೋಶಕ್ಕೆ ಯಾವ ಗೆರೆ ರುಚಿ ಎಂದು ಮೊದಲು ನೋಡಿ, ಆಮೇಲೆ ಅವೇ ಕೋಶಗಳ ನಡುವೆ ತಂತು ಇದೆಯೇ ಎಂದು ಪರೀಕ್ಷೆ ಮಾಡಿತು. ಒಂದೇ ರುಚಿಯ ಕೋಶಗಳು ಒಂದಕ್ಕೊಂದು ಜೋಡಿಸಿಕೊಂಡಿರುವ ಸಾಧ್ಯತೆ ಜಾಸ್ತಿ. ಪಕ್ಕದಲ್ಲೇ ಇರುವ ಬೇರೆ ರುಚಿಯವನನ್ನು ದಾಟಿ ಹೋಗಿ ತನ್ನವನ ಕೈ ಹಿಡಿಯುತ್ತದೆ. 2025ರ ಏಪ್ರಿಲ್‌ನಲ್ಲಿ ಇನ್ನೂ ದೊಡ್ಡ ಕೆಲಸ ಹೊರಬಂತು. ಅಮೆರಿಕದ ಹಲವು ಸಂಸ್ಥೆಗಳು ಸೇರಿ, ಚಿಕ್ಕ ಇಲಿಯ ದೃಷ್ಟಿ ಕಾರ್ಟೆಕ್ಸಿನ ಸುಮಾರು ಒಂದು ಘನ ಮಿಲಿಮೀಟರ್ ಭಾಗದ ಪೂರ್ತಿ ತಂತಿ ನಕ್ಷೆ ಬಿಡಿಸಿದವು. ಮೊದಲು ಇಲಿಗೆ ಸಿನಿಮಾ ತುಣುಕು ತೋರಿಸಿ ಸುಮಾರು 75 ಸಾವಿರ ನರಕೋಶಗಳ ಮಿಡಿತ ದಾಖಲಿಸಿದರು. ಆಮೇಲೆ ಅದೇ ತುಂಡನ್ನು ಸಾವಿರಾರು ತೆಳು ಪದರಗಳಾಗಿ ಕೊಯ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಎರಡು ಲಕ್ಷ ಕೋಶಗಳು, ಕೋಶಕ್ಕೂ ಕೋಶಕ್ಕೂ ಸುದ್ದಿ ದಾಟಿಸುವ 50 ಕೋಟಿಗೂ ಹೆಚ್ಚು ಸಂಧಿಗಳು. ಒಂದೇ ರುಚಿಯವು ಒಂದಕ್ಕೊಂದು ಹೆಚ್ಚು ಜೋಡಿಸಿಕೊಳ್ಳುತ್ತವೆ ಎನ್ನುವುದು ಅಲ್ಲೂ ಕಂಡಿತು.

ಹಾಗಾಗಿ ನನ್ನ ಅಭಿಪ್ರಾಯ ಇದು. ನೋಟ ಇರುವುದು ಸಂಪರ್ಕದಲ್ಲಿ. ಕಂಬ ಆ ಸಂಪರ್ಕವನ್ನು ಅಗ್ಗವಾಗಿ ಮಾಡಿಕೊಳ್ಳುವ ಒಂದು ಬಗೆ. ಇಲಿ, ಅಳಿಲುಗಳು ಇನ್ನೊಂದು ಬಗೆಯಲ್ಲಿ ಮಾಡಿಕೊಂಡಿವೆ. ಎಲ್ಲರೂ ಇದನ್ನು ಒಪ್ಪುತ್ತಾರೆ ಎಂದಲ್ಲ.

ಇನ್ನು ನಿಮ್ಮ ಅಕ್ಕನ ಮಗ. ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಯ ಒಂದು ಕಣ್ಣಿನ ರೆಪ್ಪೆ ಹೊಲಿದು ಎರಡು ಮೂರು ತಿಂಗಳು ಬಿಟ್ಟರು. 1963ರಲ್ಲಿ ಪ್ರಕಟವಾದ ಕೆಲಸ. ಹೊಲಿಗೆ ಬಿಚ್ಚಿದಾಗ ಕಣ್ಣು ಚೆನ್ನಾಗಿಯೇ ಇತ್ತು, ಆದರೆ ವಿ1ರಲ್ಲಿ ಆ ಕಣ್ಣಿಗೆ ಓಗೊಡುವ ಕೋಶವೇ ಹೆಚ್ಚುಕಡಿಮೆ ಉಳಿದಿರಲಿಲ್ಲ. ಬೆಳೆದ ಬೆಕ್ಕಿಗೆ ಹಾಗೆ ಮಾಡಿದರೆ ಏನೂ ಆಗಲಿಲ್ಲ. ಮುಂದೆ ಕೋತಿಮರಿಯಲ್ಲಿ ನೋಡಿದಾಗ ಮುಚ್ಚಿದ ಕಣ್ಣಿನ ಪಟ್ಟೆಗಳು ಸಣ್ಣಗಾಗಿ, ತೆರೆದ ಕಣ್ಣಿನವು ಅಗಲವಾಗಿದ್ದವು. ನಾಲೆಯ ನೀರು ಬಿಟ್ಟಾಗ ಮೇಲಿನ ಗದ್ದೆಯವನು ತೂಬು ಪೂರ್ತಿ ತೆಗೆದುಕೊಂಡರೆ ಕೆಳಗಿನವನಿಗೆ ಏನಾಗುತ್ತದೆ ಎಂದು ಮಂಡ್ಯದವರಿಗೆ ನಾನು ಹೇಳಬೇಕಿಲ್ಲ. ವಿಚಿತ್ರ ಎಂದರೆ ಎರಡೂ ಕಣ್ಣು ಒಟ್ಟಿಗೆ ಮುಚ್ಚಿದಾಗ ಹಾನಿ ಅಷ್ಟು ಆಗಲಿಲ್ಲ. ಒಂದು ಕಣ್ಣಿಗೆ ಬರೀ ಬೆಳಕು ಇಲ್ಲದ್ದರಿಂದ ಆದ ನಷ್ಟ ಅಲ್ಲ ಅದು. ಎರಡು ಕಣ್ಣುಗಳ ನಡುವೆ ಜಾಗಕ್ಕಾಗಿ ನಡೆದ ಪೈಪೋಟಿಯಲ್ಲಿ ಸೋತದ್ದು.

ಮಗುವಿನಲ್ಲಿ ಮೆಳ್ಳೆಗಣ್ಣು, ಒಂದೇ ಕಣ್ಣಿಗೆ ಜಾಸ್ತಿ ಪವರ್, ಹುಟ್ಟಿನಿಂದ ಬಂದ ಪೊರೆ, ಇವುಗಳಿಂದ ಸೋಮಾರಿ ಕಣ್ಣು ಆಗುತ್ತದೆ. ಅದಕ್ಕೇ ಚೆನ್ನಾಗಿರುವ ಕಣ್ಣಿಗೆ ಪಟ್ಟಿ. ಗೆಲ್ಲುತ್ತಿರುವವನನ್ನು ದಿನಕ್ಕೆ ಕೆಲವು ಗಂಟೆ ಸುಮ್ನೆ ಕೂರಿಸಿ, ಸೋಲುತ್ತಿರುವವನಿಗೆ ಆಡಲು ಬಿಡುವುದು. ಏಳು ವರ್ಷದೊಳಗೆ ಶುರು ಮಾಡಿದರೆ ಫಲ ಹೆಚ್ಚು, ಐದು ಒಳ್ಳೆಯ ವಯಸ್ಸೇ. ಮಗು ಅಳುತ್ತಾನೆ, ಸ್ಕೂಲಿನಲ್ಲಿ ಮಕ್ಕಳು ಏನೋ ಅನ್ನುತ್ತಾರೆ ಎಂದು ಮನೆಯವರು ಪಟ್ಟಿ ತೆಗೆದುಬಿಡುವುದನ್ನು ನಾನು ಬಹಳ ನೋಡಿದ್ದೇನೆ. ದಯವಿಟ್ಟು ಅಕ್ಕನಿಗೆ ಹೇಳಿ, ಬಿಡಬೇಡಿ. ಎಷ್ಟು ಗಂಟೆ ಎಂದು ಡಾಕ್ಟರು ಹೇಳಿದ್ದಾರೋ ಅಷ್ಟು. ಒಳ್ಳೆಯದಾಗುತ್ತದೆ ಎಂದು ದಿನವಿಡೀ ಹಾಕುವುದೂ ಬೇಡ, ಚೆನ್ನಾಗಿರುವ ಕಣ್ಣೇ ಹಿಂದೆ ಬಿದ್ದೀತು. ತಪಾಸಣೆಗೆ ಕರೆದ ದಿನ ತಪ್ಪದೆ ಹೋಗಲಿ. ವಯಸ್ಸು ಮೀರಿದವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಹುಟ್ಟಿನಿಂದ ಪೊರೆ ಇದ್ದು, ದೊಡ್ಡವರಾದ ಮೇಲೆ ಆಪರೇಷನ್ ಆದ ಉತ್ತರ ಭಾರತದ ಮಕ್ಕಳನ್ನು ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ವರ್ಷಗಟ್ಟಲೆ ನೋಡಿದೆ. ಪೂರ್ತಿ ಅಲ್ಲದಿದ್ದರೂ ಅವರು ನೋಡುವುದನ್ನು ಕಲಿತರು.

ಕೊನೆಗೆ ಕ್ಲಾಸಿನಲ್ಲಿ ಮಾಡಲು ಒಂದು ಪ್ರಯೋಗ. ಸ್ಕೇಲ್ ಹಿಡಿದು ಒಂದು ಹಾಳೆಯಲ್ಲಿ ದಪ್ಪ ಕಪ್ಪು ಗೆರೆಗಳನ್ನು ಒತ್ತೊತ್ತಾಗಿ ಎಳೆಯಿರಿ, ಎಲ್ಲವೂ ಬಲಕ್ಕೆ ಸುಮಾರು 15 ಡಿಗ್ರಿ ವಾಲಿರಲಿ. ಇನ್ನೊಂದು ಹಾಳೆಯಲ್ಲಿ ನೆಟ್ಟಗಿನ ಗೆರೆಗಳು. ಮಕ್ಕಳು ಮೊದಲ ಹಾಳೆಯನ್ನು ಒಂದು ನಿಮಿಷ ನೋಡಲಿ. ಕಣ್ಣು ಗೆರೆಗಳ ಮೇಲೆ ಮೆಲ್ಲಗೆ ಓಡಾಡಬಹುದು, ತಲೆ ವಾಲಿಸಬಾರದು. ತಕ್ಷಣ ಎರಡನೆಯದನ್ನು ನೋಡಿದರೆ ನೆಟ್ಟಗಿನ ಗೆರೆಗಳು ಒಂದು ಕ್ಷಣ ಎಡಕ್ಕೆ ವಾಲಿದಂತೆ ಕಾಣುತ್ತವೆ. ಬಲಕ್ಕೆ ವಾಲಿದ ಗೆರೆಗೆ ಮಿಡಿದು ಮಿಡಿದು ಆ ಕೋಶಗಳು ದಣಿದಿರುತ್ತವೆ, ಆದ್ದರಿಂದ ಉಳಿದವರ ಮಾತು ಜೋರಾಗುತ್ತದೆ. ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನಲ್ಲಿ ಕಂಡ ಥರದ ಕೋಶಗಳು ನಿಮ್ಮ ಮಕ್ಕಳ ತಲೆಯೊಳಗೂ ಇವೆ ಎನ್ನುವುದು ಅವರಿಗೇ ಗೊತ್ತಾಗುತ್ತದೆ.

ಆಮೇಲೆ ಇದನ್ನೇ ಇನ್ನೊಮ್ಮೆ ಮಾಡಿಸಿ. ಈ ಸಲ ಎಡಗಣ್ಣು ಮುಚ್ಚಿಕೊಂಡು ಓರೆ ಗೆರೆ ನೋಡಲಿ, ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೆಟ್ಟಗಿನದು ನೋಡಲಿ. ಸ್ವಲ್ಪ ಕಡಿಮೆ, ಆದರೂ ವಾಲಿದ ಹಾಗೆಯೇ ಕಾಣುತ್ತದೆ. ದಣಿದದ್ದು ಕಣ್ಣಲ್ಲ, ಎರಡೂ ಕಣ್ಣಿನ ಸುದ್ದಿ ಸೇರುವ ಕೋಶಗಳು. ಚಿಕ್ಕಂದಿನಲ್ಲಿ ಮೆಳ್ಳೆಗಣ್ಣು ಇದ್ದವರಲ್ಲಿ ಅಂಥ ಕೋಶಗಳು ಕಡಿಮೆ, ಅವರಿಗೆ ಈ ಎರಡನೇ ಸಲದ ವಾಲಿಕೆ ಅಷ್ಟಾಗಿ ಕಾಣುವುದಿಲ್ಲ. ಹಾಗೆಂದು ಇದನ್ನು ಯಾವ ಮಗುವಿನ ಕಣ್ಣಿನ ಪರೀಕ್ಷೆ ಎಂದು ತಿಳಿಯಬೇಡಿ. ಪ್ರಶ್ನೆ ಕೇಳಿದ ಆ ಹುಡುಗಿಯನ್ನೇ ಮೊದಲು ಕೂರಿಸಿ. ಗೆರೆ ಎಷ್ಟು ಹೊತ್ತು ವಾಲಿ ನಿಂತಿತ್ತು ಎಂದು ಎಣಿಸಲು ಅವಳಿಗೇ ಹೇಳಿ.